ಹಿರಿಯರ ನುಡಿ, ನಮ್ಮ ನಡೆ

ಪಶುಪಕ್ಷಿಗಳಿಗೂ ದನಿಯುಂಟು. ಹಸು ತನ್ನ ಕರುವನ್ನು ಕರೆಯುತ್ತದೆ, ಕೋಗಿಲೆ ತನ್ನ ಜೊತೆಯನ್ನು ಕೂಗುತ್ತದೆ. ಆದರೆ ಸತ್ತುಹೋದ ಹಸುವಿನ ಅನುಭವ ಬದುಕಿರುವ ಹಸುವಿಗೆ ದೊರೆಯುವುದಿಲ್ಲ. ಆ ಭಾಗ್ಯ ಮನುಷ್ಯನಿಗೆ ಮಾತ್ರ ಉಂಟು. ಎಂಟುನೂರು ವರ್ಷಗಳಿಗೂ ಹಿಂದೆ ಕಲ್ಯಾಣದಲ್ಲಿ ಒಬ್ಬ ಶರಣ ಪಟ್ಟ ಪಾಡು, ಅವನು ಕಂಡ ಬೆಳಕು ಇಂದು ಕೊಪ್ಪದ ಒಬ್ಬ ರೈತನಿಗೆ, ನರಸಿಂಹರಾಜಪುರದ ಒಬ್ಬ ವಿದ್ಯಾರ್ಥಿನಿಗೆ ಬಂದು ಮುಟ್ಟುತ್ತದೆ. ಮುಟ್ಟಿಸುವುದು ಯಾವುದು? ಮಾತು. ಆದ್ದರಿಂದಲೇ ಹಿರಿಯರ ಮಾತನ್ನು ನಾವು ಆಸ್ತಿ ಎಂದು ಕರೆಯುತ್ತೇವೆ. ಗದ್ದೆ, ತೋಟ, ಮನೆಗಳು ಮಕ್ಕಳಲ್ಲಿ ಪಾಲಾದಷ್ಟೂ ಕಿರಿದಾಗುತ್ತವೆ. ಮಾತಿನ ಆಸ್ತಿಯಾದರೋ ಎಷ್ಟು ಜನಕ್ಕೆ ಹಂಚಿದರೂ ಎಲ್ಲರಿಗೂ ಪೂರ್ತಿಯಾಗಿಯೇ ದೊರೆಯುತ್ತದೆ.

ತುಂಗೆಯ ದಡದ ಶೃಂಗೇರಿ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ಶಾರದೆ, ಎಂದರೆ ವಾಗ್ದೇವಿ. ಮಾತಿಗೆ ದೇವತೆಯ ಸ್ಥಾನ ಕೊಟ್ಟ ಊರು ಇದು. ದೂರದೂರದಿಂದ ತಂದೆತಾಯಿಗಳು ತಮ್ಮ ಮಕ್ಕಳನ್ನು ಅಕ್ಷರಾಭ್ಯಾಸಕ್ಕಾಗಿ ಇಲ್ಲಿಗೆ ಕರೆತರುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಯಿಸುತ್ತಾರೆ. ತಟ್ಟೆ ಸ್ವಲ್ಪ ಅಲುಗಿದರೆ ಆ ಅಕ್ಷರ ಅಳಿಸಿಹೋಗುತ್ತದೆ. ಅದರಿಂದ ಯಾರೂ ಚಿಂತೆಪಡುವುದಿಲ್ಲ. ಏಕೆಂದರೆ ಅಕ್ಷರ ಉಳಿಯಬೇಕಾದುದು ಅಕ್ಕಿಯಲ್ಲಿ ಅಲ್ಲ, ಮಗುವಿನ ಕೈಯಲ್ಲಿ. ಹಿರಿಯರ ಮಾತಿಗೂ ಇದೇ ನ್ಯಾಯ. ಅದು ಗೋಡೆಯ ಮೇಲೆ ಉಳಿದರೆ ಸಾಲದು, ಪುಸ್ತಕದಲ್ಲಿ ಉಳಿದರೂ ಸಾಲದು. ಕೇಳಿದವನ ಕೈಗೆ ಬರಬೇಕು, ಕಾಲಿಗೆ ಬರಬೇಕು.

ಈಗ ಒಳ್ಳೆಯ ಮಾತಿಗೆ ಬರಗಾಲವಿಲ್ಲ. ಶಾಲೆಯ ಕರಿಹಲಗೆಯ ಮೇಲೆ ದಿನಕ್ಕೊಂದು ಸುಭಾಷಿತ. ಕ್ಯಾಲೆಂಡರಿನ ಹಾಳೆಯಲ್ಲಿ ಒಂದು ನುಡಿಮುತ್ತು. ಬಸ್ಸಿನೊಳಗೆ, ಲಾರಿಯ ಹಿಂಭಾಗದಲ್ಲಿ, ಬ್ಯಾಂಕಿನ ಗೋಡೆಯ ಮೇಲೆ, ಎಲ್ಲೆಲ್ಲಿಯೂ ಉಪದೇಶ. ಇದೆಲ್ಲ ಸಾಲದೆಂಬಂತೆ ಬೆಳಗಾದರೆ ಮೊಬೈಲಿನಲ್ಲಿ ಹೂವಿನ ಚಿತ್ರದೊಡನೆ ಹತ್ತಾರು ಮಹಾತ್ಮರ ವಾಣಿ ಬಂದು ಬೀಳುತ್ತದೆ. ಹಿಂದಿನ ಕಾಲದಲ್ಲಿ ಒಬ್ಬ ಭಕ್ತ ಒಂದು ಒಳ್ಳೆಯ ಮಾತು ಕೇಳಲು ಹತ್ತು ಹರದಾರಿ ನಡೆಯಬೇಕಾಗಿತ್ತು. ಇಂದು ಹಾಸಿಗೆ ಬಿಡುವ ಮೊದಲೇ ಹತ್ತು ಮಾತು ಕೈಯೊಳಗಿವೆ. ಹಾಗಾದರೆ ನಮ್ಮ ಬಾಳು ಹತ್ತು ಪಟ್ಟು ಹಸನಾಗಬೇಕಿತ್ತಲ್ಲವೆ? ಅಣ್ಣತಮ್ಮಂದಿರ ವ್ಯಾಜ್ಯ ಕಡಿಮೆಯಾಗಬೇಕಿತ್ತು, ಕುಡಿತ ನಿಲ್ಲಬೇಕಿತ್ತು, ಮುದಿ ತಂದೆತಾಯಿಗಳು ಮನೆಯಲ್ಲಿ ಸುಖವಾಗಿರಬೇಕಿತ್ತು. ಹಾಗೆ ಆಗಿಲ್ಲ. ಏಕೆ ಆಗಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಮೊದಲನೆಯ ಕಾರಣ, ನಾವು ಮಾತನ್ನು ಪೂಜಿಸುತ್ತೇವೆ, ಓದುವುದಿಲ್ಲ. ಇದು ಹಳೆಯ ರೋಗ. ಶರಣರ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಎಷ್ಟೋ ಮನೆ ಮಠಗಳಲ್ಲಿ ಇದ್ದವು. ಅವುಗಳಿಗೆ ವಿಭೂತಿ, ಪತ್ರೆ, ಹೂವು ಸಲ್ಲುತ್ತಿದ್ದವು. ಕಟ್ಟು ಬಿಚ್ಚಿ ಓದುವವರು ಮಾತ್ರ ವಿರಳ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಆ ಕಟ್ಟುಗಳನ್ನು ಬಿಚ್ಚಿದರು, ಪ್ರತಿ ಮಾಡಿದರು, ತಿದ್ದಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ವಕೀಲಿಯಿಂದ ಮನೆ ಕಟ್ಟಿಸಿದವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಹಿರಿಯರ ಮಾತಿಗಾಗಿ ಮನೆ ಮಾರಿದ ವಕೀಲರನ್ನು ಹುಡುಕಿದರೂ ಸಿಗುವುದು ಕಷ್ಟ. 1993ರಲ್ಲಿ ಕರ್ನಾಟಕ ಸರ್ಕಾರ ವಚನಗಳನ್ನೆಲ್ಲ ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು. ಆ ದೊಡ್ಡ ಮನೆಗೆ ತಳಪಾಯ ಹಾಕಿದವರಲ್ಲಿ ಹಳಕಟ್ಟಿಯವರು ಮೊದಲಿಗರು. ಈಗ ನಮ್ಮನ್ನು ನಾವು ಕೇಳಿಕೊಳ್ಳಬೇಕು. ಅಂದು ಕಟ್ಟು ಬಿಚ್ಚದೆ ಹೂವೇರಿಸಿದವರಿಗೂ, ಇಂದು ಮೊಬೈಲಿಗೆ ಬಂದ ವಾಣಿಯನ್ನು ಓದದೆಯೇ ಹತ್ತು ಜನಕ್ಕೆ ದಾಟಿಸಿ ಕೈ ಮುಗಿಯುವವರಿಗೂ ಏನು ವ್ಯತ್ಯಾಸ?

ಎರಡನೆಯದು, ಮಾತು ಯಾರದೆಂದು ನಾವು ವಿಚಾರಿಸುವುದಿಲ್ಲ. ಒಂದೇ ಮಾತು ಒಂದು ಫೋನಿನಲ್ಲಿ ಬುದ್ಧನ ಹೆಸರಿನಲ್ಲಿ ಬರುತ್ತದೆ, ಇನ್ನೊಂದರಲ್ಲಿ ವಿವೇಕಾನಂದರ ಹೆಸರಿನಲ್ಲಿ ಬರುತ್ತದೆ, ಮೂರನೆಯದರಲ್ಲಿ ಅಬ್ದುಲ್ ಕಲಾಂ ಅವರ ಹೆಸರಿನಲ್ಲಿ ಬರುತ್ತದೆ. ಮಾತು ಒಳ್ಳೆಯದಾದರೆ ಸಾಕು, ಯಾರು ಹೇಳಿದರೇನು ಎಂದು ಕೆಲವರು ವಾದಿಸುವುದುಂಟು. ನೋಡಿರಿ, ಅಂಗಡಿಯಲ್ಲಿ ಒಂದು ಸೇರು ಬೇಳೆ ಕೊಳ್ಳುವಾಗ ಎಲ್ಲಿಯದೆಂದು ಕೇಳುತ್ತೀರಿ. ಬಾಳಿಗೆ ದಾರಿ ತೋರುವ ಮಾತನ್ನು ವಿಳಾಸ ಕೇಳದೆ ಒಳಗೆ ಬಿಟ್ಟುಕೊಳ್ಳುವಿರಾ? ಶರಣರು ಈ ವಿಷಯದಲ್ಲಿ ಬಹಳ ಎಚ್ಚರವಾಗಿದ್ದರು. ಪ್ರತಿಯೊಂದು ವಚನಕ್ಕೂ ಅಂಕಿತ ಇಟ್ಟರು. ಕೂಡಲಸಂಗಮದೇವ ಎಂದರೆ ಬಸವಣ್ಣನವರ ಮಾತು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕನ ಮಾತು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳ ಮಾತು. ಹಾಗಿದ್ದೂ ಯಾರೋ ಬರೆದು ಸೇರಿಸಿದ ಖೊಟ್ಟಿ ವಚನಗಳನ್ನು ವಿದ್ವಾಂಸರು ಆರಿಸಿ ತೆಗೆಯಬೇಕಾಯಿತು. ಅಂಕಿತದಲ್ಲಿ ಇನ್ನೊಂದು ಗುಟ್ಟೂ ಉಂಟು. ಅಲ್ಲಿರುವುದು ಹೇಳಿದವರ ಹೆಸರಲ್ಲ, ಅವರ ಇಷ್ಟದೈವದ ಹೆಸರು. ಮಾತಿನ ಹೊಣೆ ತನ್ನದು, ಹಿರಿಮೆ ದೇವರದು ಎಂಬ ಭಾವ ಅದು. ದೇವರ ಎದುರಿಗೆ ಆಡಲಾಗದ ಮಾತನ್ನು ಜನರ ಎದುರಿಗೂ ಆಡೆನು ಎಂಬ ಪ್ರತಿಜ್ಞೆ ಅದು.

ಯಾರು ಹೇಳಿದರು ಎಂದು ತಿಳಿದರೆ ಆಗುವ ಲಾಭವೇನು? ಆ ಮಾತಿಗೆ ಅವರು ತೆತ್ತ ಬೆಲೆ ಏನೆಂದು ತಿಳಿಯುತ್ತದೆ. ದುಡಿಮೆಯನ್ನು ಹೊಗಳಿ ನೂರು ಜನ ಮಾತನಾಡುತ್ತಾರೆ. ಕಲಾಂ ಅವರು ರಾಮೇಶ್ವರದಲ್ಲಿ ಬಾಲಕರಾಗಿದ್ದಾಗ ಮನೆಮನೆಗೆ ಪತ್ರಿಕೆ ಹಂಚಿದವರು. ರಾಷ್ಟ್ರಪತಿಯಾಗಿ ಹೊರಬಂದ ಮೇಲೂ ಮಕ್ಕಳಿಗೆ ಪಾಠ ಹೇಳುವುದನ್ನು ಬಿಡಲಿಲ್ಲ. 2015ರ ಜುಲೈ 27ರಂದು ಶಿಲ್ಲಾಂಗಿನಲ್ಲಿ ವಿದ್ಯಾರ್ಥಿಗಳಿಗೆ ಉಪನ್ಯಾಸ ಮಾಡುತ್ತಿದ್ದಾಗಲೇ ಕುಸಿದು ಪ್ರಾಣಬಿಟ್ಟರು. ಇದನ್ನು ತಿಳಿದವನಿಗೆ ಕೆಲಸದ ಬಗ್ಗೆ ಅವರು ಆಡಿದ ಮಾತು ಬೇರೆಯಾಗಿಯೇ ಕೇಳಿಸುತ್ತದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಅಂಥವರ ಮುಂದೆ ಬಾಯಿ ಮುಚ್ಚಿಕೊಳ್ಳುತ್ತದೆ.

ಮೂರನೆಯ ಕಾರಣ ಬಹಳ ಸೂಕ್ಷ್ಮವಾದುದು. ನಮಗೆ ಹಿತವಾದ ಮಾತನ್ನು ಮಾತ್ರ ನಾವು ಆರಿಸಿಕೊಳ್ಳುತ್ತೇವೆ. ಬೆನ್ನು ತಟ್ಟುವ ಮಾತು ಬೇಕು, ಕಿವಿ ಹಿಂಡುವ ಮಾತು ಬೇಡ. ಆದರೆ ಬಾಳನ್ನು ತಿರುಗಿಸುವ ಮಾತು ಬಹುಮಟ್ಟಿಗೆ ಮೊದಲು ಕಹಿಯಾಗಿಯೇ ಇರುತ್ತದೆ. ಇದಕ್ಕೆ ನಿದರ್ಶನ ಹುಡುಕಲು ದೂರ ಹೋಗಬೇಕಾಗಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು ಒಂದು ಗಂಡುಮಗು ಹುಟ್ಟಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದು, ಓದಲು ಮೈಸೂರಿಗೆ ಹೋದ ಆ ಹುಡುಗನೇ ಮುಂದೆ ನಾಡು ಕೊಂಡಾಡಿದ ಕುವೆಂಪು. ಮೈಸೂರಿನಲ್ಲಿ ಆ ತರುಣನಿಗೆ ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬ ಹಂಬಲ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಚಿಕ್ಕ ಇಂಗ್ಲಿಷ್ ಕವನಪುಸ್ತಕವೂ ಅಚ್ಚಾಗಿತ್ತು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದರು. ಇಪ್ಪತ್ತು ತುಂಬದ ಈ ತರುಣ ತನ್ನ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದ. ಮೆಚ್ಚುಗೆಯ ಒಂದು ಮಾತಿಗಾಗಿ ಕಾದು ನಿಂತ.

ದೊರೆತದ್ದು ಮೆಚ್ಚುಗೆಯಲ್ಲ. ನಿನ್ನ ತಾಯ್ನುಡಿಯಲ್ಲಿ ಏನು ಬರೆದಿದ್ದೀಯೆ ಎಂಬ ಪ್ರಶ್ನೆ. ಕನ್ನಡದಲ್ಲಿ ಬರೆಯಬೇಕೆಂಬ ಬುದ್ಧಿಮಾತು. ತರುಣನಿಗೆ ಅದು ಸಹ್ಯವಾಗಲಿಲ್ಲ. ಕನ್ನಡಕ್ಕೆ ಆ ಶಕ್ತಿ ಎಲ್ಲಿದೆ ಎಂಬ ಭಾವನೆ ಅವನದು. ಸಮರ್ಥನಾದವನು ಬಂದರೆ ಯಾವ ಭಾಷೆಗೂ ಶಕ್ತಿ ಬರುತ್ತದೆ ಎಂಬುದು ಆ ಹಿರಿಯರ ಅಭಿಪ್ರಾಯ. ಅಂದು ಮುಖ ಸಪ್ಪಗೆ ಮಾಡಿಕೊಂಡು ಹಿಂದಿರುಗಿದ ತರುಣ ಆ ಮಾತನ್ನು ಮಾತ್ರ ಹಿಂದಕ್ಕೆ ಎಸೆಯಲಿಲ್ಲ. ಕನ್ನಡದಲ್ಲಿ ಬರೆಯತೊಡಗಿದ. ಮುಂದೆ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯ ಹುಟ್ಟಿತು. 1955ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಬಂದು, ಕನ್ನಡಕ್ಕೆ ಆ ಗೌರವ ಮೊದಲ ಸಲ ದೊರೆಯಿತು.

ಇಲ್ಲಿ ಮೂರು ಸಂಗತಿಗಳನ್ನು ಮನಸ್ಸಿಗೆ ತಂದುಕೊಳ್ಳಿರಿ. ಹೇಳಿದವರು ನಮ್ಮ ದೇಶದವರಲ್ಲ, ನಮ್ಮ ಜಾತಿಯವರಲ್ಲ, ಕನ್ನಡ ಬಲ್ಲವರೂ ಅಲ್ಲ. ಒಳ್ಳೆಯ ಮಾತಿಗೆ ಕುಲಗೋತ್ರಗಳಿಲ್ಲ. ಎರಡನೆಯದಾಗಿ, ಅವರು ತಮ್ಮ ಭಾಷೆಯನ್ನು ಹೊಗಳಿಕೊಳ್ಳಲಿಲ್ಲ. ಕೇಳುವವನ ಮನೆಯೊಳಗೇ ಹೂತಿದ್ದ ನಿಧಿಯನ್ನು ತೋರಿಸಿದರು. ನಿಜವಾದ ಹಿರಿಯರ ಮಾತಿನ ಲಕ್ಷಣ ಇದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದೇ ಬುದ್ಧಿಮಾತನ್ನು ಆ ಕಾಲದ ಎಷ್ಟು ಜನ ತರುಣರು ಕೇಳಿರಲಾರರು? ಕೇಳಿದವರೆಲ್ಲ ಕುವೆಂಪು ಆಗಲಿಲ್ಲ. ಹೇಳಿದವರ ಕೆಲಸ ಕೆಲವು ನಿಮಿಷದ್ದು. ಕೇಳಿದವನ ಕೆಲಸ ಎಪ್ಪತ್ತು ವರ್ಷದ್ದು. 1994ರಲ್ಲಿ ಕಣ್ಣುಮುಚ್ಚುವವರೆಗೂ ಕುವೆಂಪು ಆ ಒಂದು ಮಾತಿನ ಸಾಲವನ್ನು ಕನ್ನಡದಲ್ಲಿಯೇ ತೀರಿಸಿದರು.

ನಾಲ್ಕನೆಯದು, ನಾವು ಮಾತನ್ನು ನಮ್ಮತ್ತ ತಿರುಗಿಸಿಕೊಳ್ಳುವುದಿಲ್ಲ, ಪಕ್ಕದವರತ್ತ ತಿರುಗಿಸುತ್ತೇವೆ. ಪ್ರವಚನ ಕೇಳುತ್ತಿರುವಾಗ ಎಷ್ಟೋ ಜನ ಮನಸ್ಸಿನಲ್ಲಿ, ಈ ಮಾತನ್ನು ನಮ್ಮ ಅಣ್ಣ ಕೇಳಬೇಕಿತ್ತು, ನಮ್ಮ ಸೊಸೆ ಕೇಳಬೇಕಿತ್ತು ಎಂದುಕೊಳ್ಳುತ್ತಾರೆ. ತಾನು ಕೇಳಲು ಬಂದದ್ದೇ ಮರೆತುಹೋಗುತ್ತದೆ. ಅತ್ತೆ ಸೊಸೆಗೆ ತಾಳ್ಮೆಯ ವಚನ ಹೇಳುತ್ತಾಳೆ, ಸೊಸೆ ಅತ್ತೆಗೆ ದಯೆಯ ವಚನ ಹೇಳುತ್ತಾಳೆ. ವಚನ ಎರಡೂ ಸತ್ಯವೇ, ಆದರೆ ಕೈ ತಪ್ಪಿವೆ. ಅತ್ತೆ ದಯೆಯನ್ನೂ ಸೊಸೆ ತಾಳ್ಮೆಯನ್ನೂ ಹಿಡಿದಿದ್ದರೆ ಆ ಮನೆಯೇ ಮಹಾಮನೆ ಆಗುತ್ತಿತ್ತು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನೀವೆಲ್ಲ ಬಲ್ಲಿರಿ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದ ದಂಪತಿಗಳು ಅವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಒಪ್ಪಲಿಲ್ಲ. ಅಗತ್ಯಕ್ಕೆ ಮೀರಿದುದು ನಮಗೇಕೆ, ತಂದಲ್ಲಿಯೇ ಸುರಿದು ಬನ್ನಿರಿ ಎಂಬರ್ಥದಲ್ಲಿ ಗಂಡನನ್ನು ಎಚ್ಚರಿಸಿದರು. ಆಸೆ ಒಳ್ಳೆಯದಲ್ಲ ಎಂದು ಊರಿಗೆ ಉಪದೇಶ ಮಾಡಲು ಲಕ್ಕಮ್ಮನವರು ಕಟ್ಟೆ ಹತ್ತಲಿಲ್ಲ. ತಮ್ಮ ಮನೆಯ ಮೊರದಲ್ಲಿದ್ದ ಅಕ್ಕಿಯನ್ನು ಅಳೆದು ನೋಡಿದರು, ಅಷ್ಟೆ. ಮಾರಯ್ಯನವರ ದೊಡ್ಡತನವನ್ನೂ ಮರೆಯಬಾರದು. ಹೆಂಡತಿಯ ಮಾತೆಂದು ಹಗುರವಾಗಿ ಕಾಣಲಿಲ್ಲ. ಹಿರಿಯರ ನುಡಿ ಎಂದಾಗ ನಾವು ದೂರದ ಮಹಾತ್ಮರನ್ನೇ ನೆನೆಯುತ್ತೇವೆ. ಕೆಲವು ವೇಳೆ ಆ ನುಡಿ ನಮ್ಮ ಅಡುಗೆಮನೆಯಿಂದಲೇ ಬರುತ್ತದೆ. ಕೇಳುವ ಕಿವಿ ಬೇಕು.

ಇನ್ನು ಐದನೆಯದು ಕಾಲ ಮತ್ತು ಪ್ರಮಾಣಗಳ ವಿಷಯ. ಇದನ್ನು ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಭಕ್ತರಿಗೆ ಅವರ ತೋಟದ ಕೆಲಸದಿಂದಲೇ ತಿಳಿಸಬಹುದು. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಮಳೆಗಾಲ ಹಿಡಿಯುವ ಮೊದಲೇ ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದ ಮೇಲೆ ಮತ್ತೊಂದು ಸಲ. ಕಾಯಿ ಕೊಳೆತು ಉದುರಿದ ಮೇಲೆ ಔಷಧಿ ಹೊಡೆದರೆ ಉದುರಿದ ಕಾಯಿ ಮರಕ್ಕೆ ಏರುವುದೇ? ಹಿರಿಯರ ಮಾತೂ ಹಾಗೆಯೇ. ಸಂಕಟ ಬಂದಾಗ ವಚನದ ಪುಸ್ತಕ ಹುಡುಕುವುದು ಆಷಾಢದ ನಡುವೆ ಔಷಧಿಯ ಅಂಗಡಿಗೆ ಓಡಿದಂತೆ. ಸುಖದ ದಿನಗಳಲ್ಲಿಯೇ ಮನಸ್ಸಿಗೆ ಅದನ್ನು ಲೇಪಿಸಿಕೊಂಡಿರಬೇಕು. ಒಮ್ಮೆ ಕೇಳಿದರೆ ಸಾಲದು, ಮಳೆ ತೊಳೆದುಹಾಕುತ್ತದೆ. ಮತ್ತೆ ಕೇಳಬೇಕು.

ಆ ದ್ರಾವಣವನ್ನು ಮಾಡುವ ಬಗೆಯನ್ನೂ ನೆನೆಯಿರಿ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆಯಾಗಿ ಕರಗಿಸಿ ಕೂಡಿಸಬೇಕು. ಮೈಲುತುತ್ತವನ್ನೇ ಹೊಡೆದರೆ ರೋಗದ ಜೊತೆಗೆ ಎಲೆ, ಕಾಯಿಗಳೂ ಸುಡುತ್ತವೆ. ಬರಿಯ ಸುಣ್ಣ ಹೊಡೆದರೆ ರೋಗ ನಗುತ್ತದೆ. ಸತ್ಯವು ಮೈಲುತುತ್ತವಿದ್ದಂತೆ, ದಯೆಯು ಸುಣ್ಣವಿದ್ದಂತೆ. ದಯೆಯಿಲ್ಲದ ಸತ್ಯ ಕೇಳಿದವನನ್ನು ಸುಡುತ್ತದೆ. ಸತ್ಯವಿಲ್ಲದ ದಯೆ ಅವನನ್ನು ಇದ್ದಲ್ಲಿಯೇ ಬಿಡುತ್ತದೆ. ಹದ ಬಂದಿದೆಯೇ ಎಂದು ನೋಡಲು ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ತೆಗೆಯುತ್ತೀರಿ. ಚಾಕುವಿನ ಮೇಲೆ ಕೆಂಪು ಕೂತರೆ ಇನ್ನೂ ಸುಣ್ಣ ಬೇಕೆಂದು ಅರ್ಥ. ಇನ್ನೊಬ್ಬರಿಗೆ ಬುದ್ಧಿಮಾತು ಹೇಳುವ ಮೊದಲು ಆ ಮಾತಿನಲ್ಲಿ ನಮ್ಮನ್ನು ಒಮ್ಮೆ ಅದ್ದಿ ನೋಡಿಕೊಳ್ಳಬೇಕು. ನಮ್ಮ ಮೇಲೆ ಕೋಪದ ಕೆಂಪು ಕೂತರೆ ಆ ಮಾತಿಗೆ ಇನ್ನೂ ದಯೆ ಕೂಡಿಸಬೇಕು. ಮತ್ತೊಂದು ಸಂಗತಿ. ಕೂಡಿಸಿದ ದ್ರಾವಣವನ್ನು ಅಂದೇ ಬಳಸಬೇಕು, ಇಟ್ಟರೆ ಸತ್ವಹೀನವಾಗುತ್ತದೆ. ಕೇಳಿದ ಒಳ್ಳೆಯ ಮಾತನ್ನೂ ಅಂದೇ ಒಂದು ಕೆಲಸದಲ್ಲಿ ಬಳಸಬೇಕು. ನಾಳೆಗೆಂದು ಇಟ್ಟರೆ ಅದು ಬರಿಯ ಬಣ್ಣದ ನೀರು.

ಇಲ್ಲಿ ಭಕ್ತರು ನಮ್ಮನ್ನು ಕೇಳಬಹುದಾದ ಒಂದು ಪ್ರಶ್ನೆ ಉಂಟು, ಅದು ನ್ಯಾಯವಾದ ಪ್ರಶ್ನೆ. ಕೊಳೆರೋಗಕ್ಕೆ ಔಷಧಿ ಇದೆ. ಈ ಮೂರು ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗಕ್ಕೆ ಹೊಡೆದು ಗುಣಪಡಿಸುವ ಔಷಧಿ ಇಲ್ಲ. ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬೇರೆ. ಅಜ್ಜ ನೆಟ್ಟ ತೋಟ ಕಣ್ಣೆದುರಿಗೆ ಹಳದಿಯಾಗುತ್ತಿರುವವನಿಗೆ, ಸೊಸೈಟಿಯ ಸಾಲದ ಕಂತು ಕಟ್ಟಲಾರದವನಿಗೆ, ಮಗ ಬೆಂಗಳೂರು ಸೇರಿ ಮನೆಯಲ್ಲಿ ಇಬ್ಬರೇ ಮುದುಕರು ಉಳಿದವರಿಗೆ ಮಹಾತ್ಮರ ನುಡಿಯಿಂದ ಏನಾದೀತು? ಮಾತಿನಿಂದ ಹೊಟ್ಟೆ ತುಂಬೀತೆ?

ತುಂಬುವುದಿಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಾಗೆ ಕಷ್ಟದಲ್ಲಿರುವವನ ಮನೆಗೆ ಹೋಗಿ, ಧೈರ್ಯವಾಗಿರು, ದೇವರಿದ್ದಾನೆ ಎಂದು ಹೇಳಿ ಕಾಫಿ ಕುಡಿದು ಎದ್ದುಬರುವುದು ಹಿರಿಯರ ನುಡಿಗೆ ಮಾಡುವ ಅಪಚಾರ. ಶರಣರು ಕಾಯಕದ ಜೊತೆಗೆ ದಾಸೋಹವನ್ನು ಸುಮ್ಮನೆ ಹೇಳಲಿಲ್ಲ. ಮಾತು ಮೊದಲು ಕಿವಿಯಾಗಬೇಕು, ಆಮೇಲೆ ಕೈಯಾಗಬೇಕು. ಅವನ ಜಗಲಿಯ ಮೇಲೆ ಕುಳಿತು ಅವನು ಹೇಳುವುದನ್ನು ಪೂರ್ತಿ ಕೇಳಿರಿ. ಬ್ಯಾಂಕಿಗೆ ಹೋಗಬೇಕಾದರೆ ಜೊತೆಗೆ ಹೋಗಿರಿ. ಬೇರೆ ಬೆಳೆ ಇಡಲು ಸಾಧ್ಯವೇ ಎಂದು ತಿಳಿದವರಲ್ಲಿಗೆ ಕರೆದೊಯ್ಯಿರಿ. ಒಂದು ದಿನದ ಆಳಿನ ಕೆಲಸಕ್ಕೆ ನೀವೇ ಕೈಹಾಕಿರಿ. ಇಷ್ಟಾದ ಮೇಲೆ ಬಸವಣ್ಣನವರ ಒಂದು ಮಾತನ್ನು ಅವನ ಕಿವಿಯಲ್ಲಿ ಹೇಳಿ ನೋಡಿರಿ. ಅದು ಅವನನ್ನು ಹಿಡಿದು ನಿಲ್ಲಿಸುತ್ತದೆ. ಏಕೆಂದರೆ ಆಗ ಆ ಮಾತಿನ ಹಿಂದೆ ಒಬ್ಬ ಮನುಷ್ಯ ನಿಂತಿದ್ದಾನೆಂದು ಅವನಿಗೆ ಗೊತ್ತು. ತೋಟ ಹೋದರೆ ಮತ್ತೊಂದು ಮಾಡಬಹುದು, ಜೀವ ಹೋದರೆ ಮತ್ತೊಂದಿಲ್ಲ. ಕತ್ತಲೆಯ ಗಳಿಗೆಯಲ್ಲಿ ಒಬ್ಬನ ಜೀವ ಉಳಿಸುವುದು ಎಷ್ಟೋ ವೇಳೆ ಒಂದು ಮಾತು, ಆ ಮಾತು ಆಡಲು ರಾತ್ರಿಯಲ್ಲಿ ನಡೆದು ಬಂದ ಒಬ್ಬ ನೆರೆಯವ.

ನುಡಿ ನಡೆಯಾದರೆ ಕೊನೆಗೆ ನುಡಿಯ ಅವಶ್ಯಕತೆಯೇ ಕಡಿಮೆಯಾಗುತ್ತದೆ. ಶೃಂಗೇರಿ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಬಂದಿದ್ದ ಎಚ್.ಜಿ. ಗೋವಿಂದೇಗೌಡರನ್ನು ಈ ಭಾಗದ ಹಿರಿಯರು ಬಲ್ಲರು. 1990ರ ದಶಕದಲ್ಲಿ ಅವರು ಶಿಕ್ಷಣ ಸಚಿವರಾಗಿದ್ದಾಗ ಪ್ರಾಥಮಿಕ ಶಾಲೆಗಳ ಶಿಕ್ಷಕರ ನೇಮಕವನ್ನು ಅರ್ಹತೆಯ ಮೇಲೆಯೇ ನಡೆಸಿದರು. ಲಂಚ ಕೊಡದೆ, ಶಿಫಾರಸು ತಾರದೆ ಸಾವಿರಾರು ಬಡವರ ಮಕ್ಕಳು ಮೇಷ್ಟರಾದರು. 2016ರಲ್ಲಿ ಅವರು ತೀರಿಕೊಂಡರು. ಅವರು ಯಾವ ಸಭೆಯಲ್ಲಿ ಏನು ಭಾಷಣ ಮಾಡಿದರೆಂದು ಜನಕ್ಕೆ ನೆನಪಿರಲಾರದು. ಕಾಸು ಕೊಡದೆ ಕೆಲಸ ಸಿಕ್ಕಿತು ಎಂದು ಹೇಳುವ ಮೇಷ್ಟರುಗಳು ಮಾತ್ರ ನಾಡಿನ ತುಂಬ ಇದ್ದಾರೆ. ಅದೇ ಅವರ ಸುಭಾಷಿತ. ಅದನ್ನು ಗೋಡೆಯ ಮೇಲೆ ಬರೆಯಬೇಕಾಗಿಲ್ಲ.

ಹಾಗಾದರೆ ಸಾಮಾನ್ಯ ಸಂಸಾರಿಗಳು ಏನು ಮಾಡಬೇಕು? ನಾವು ಹೇಳುವುದು ಬಹಳ ಸುಲಭದ ಸಾಧನೆ. ದಿನಕ್ಕೆ ಹತ್ತು ನುಡಿ ಬೇಡ. ತಿಂಗಳಿಗೆ ಒಂದು ಸಾಕು. ಒಬ್ಬ ಶರಣರ, ಒಬ್ಬ ಮಹಾತ್ಮರ, ಅಥವಾ ನಿಮ್ಮ ಅಜ್ಜಿಯದೇ ಆದ ಒಂದು ಮಾತನ್ನು ಆರಿಸಿಕೊಳ್ಳಿರಿ. ಅದನ್ನು ನಿಜವಾಗಿ ಹೇಳಿದವರು ಯಾರೆಂದು ತಿಳಿದುಕೊಳ್ಳಿರಿ. ಅದಕ್ಕಾಗಿ ಅವರು ಏನು ತೆತ್ತರೆಂದು ಮನೆಯ ಮಕ್ಕಳಿಗೆ ಕಥೆಯಾಗಿ ಹೇಳಿರಿ. ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ ಅದನ್ನು ಒಮ್ಮೆ ನೆನೆಯಿರಿ. ರಾತ್ರಿ ಮಲಗುವ ಮೊದಲು, ಇಂದು ಈ ಮಾತಿಗೆ ನಾನು ಏನು ತೆತ್ತೆ ಎಂದು ಕೇಳಿಕೊಳ್ಳಿರಿ. ಒಂದು ಕೋಪ ನುಂಗಿದ್ದರೆ ಅದು ಬೆಲೆ. ಹೆಚ್ಚಾಗಿ ಬಂದ ಚಿಲ್ಲರೆಯನ್ನು ಅಂಗಡಿಯವನಿಗೆ ಮರಳಿಸಿದ್ದರೆ ಅದು ಬೆಲೆ. ಬೇಲಿಯ ವ್ಯಾಜ್ಯಕ್ಕಾಗಿ ಎರಡು ವರ್ಷದಿಂದ ಮಾತು ಬಿಟ್ಟ ತಮ್ಮನನ್ನು ದಾರಿಯಲ್ಲಿ ಕಂಡು, ಚೆನ್ನಾಗಿದ್ದೀಯೇನಪ್ಪ ಎಂದು ಕೇಳಿದ್ದರೆ ಅದಂತೂ ದೊಡ್ಡ ಬೆಲೆ. ವರ್ಷಕ್ಕೆ ಹನ್ನೆರಡು ಮಾತು. ಹತ್ತು ವರ್ಷವಾದರೆ ಮನೆಯಲ್ಲಿ ಒಂದು ಸಣ್ಣ ಅನುಭವಮಂಟಪವೇ ಕಟ್ಟಿದಂತಾಗುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹಿರಿಯರು ಆಡಿದ ಮಾತು ಹೋಗಿಲ್ಲ, ನಮ್ಮ ಬಾಗಿಲಿನವರೆಗೆ ಬಂದು ನಿಂತಿದೆ. ಬಾಗಿಲು ತೆರೆದು ಅದನ್ನು ಒಳಗೆ ಕರೆದು, ಕಾಲಿಗೆ ನೀರು ಕೊಟ್ಟು, ಮನೆಯವರಲ್ಲಿ ಒಬ್ಬರನ್ನಾಗಿ ಮಾಡಿಕೊಳ್ಳುವುದು ನಮಗೆ ಬಿಟ್ಟದ್ದು. ಭಕ್ತರೆಲ್ಲರ ಮನೆಗಳಲ್ಲಿ ಅಂಥ ಒಂದೊಂದು ಮಾತು ನೆಲಸಲಿ, ಅದು ನಡೆಯಾಗಿ ಮಕ್ಕಳ ಕಣ್ಣಿಗೆ ಕಾಣಲಿ ಎಂದು ಹಾರೈಸುತ್ತೇವೆ.